ಕೌದಿ ಪದವಿ ಮತ್ತು ರೋಣದ ಬಸ್ಸು

ಕಾಲೇಜಿನಲ್ಲಿ ಹೊಸದಾಗಿ ಪಾಠ ಹೇಳಲು ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ವಿದ್ಯಾರ್ಥಿಗಳಿಗೆ ವಿಷಯ ಆರಿಸಿಕೊಡುವ ಕೆಲಸ ಅವರ ಕೊರಳಿಗೆ ಬಿದ್ದಿರುತ್ತದೆ. ಹೇಗೆ ಮಾಡಬೇಕು ಎಂದು ಕೇಳುತ್ತಾರೆ. ಸ್ನಾನ, ನಡಿಗೆ, ಪತ್ರಿಕೆ ಮುಗಿಸಿ ನಾನು ಕುರ್ಚಿಯಲ್ಲಿ ಕುಳಿತ ಮೇಲೆ ಬಂದರೆ ಉತ್ತರ ಸಿಗುತ್ತದೆ. ನಡುವೆ ಬಂದವರು ಕಟ್ಟೆಯ ಮೇಲೆ ಕಾಯಬೇಕು. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಬೇಸತ್ತು ಈಗ ಬರೆದಿಡುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿ ಇಲ್ಲ. ಬಳಿಗಾರ ಇದ್ದಾನೆ. ಅವನನ್ನು ಬಿಟ್ಟು ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ಕಾಲೇಜಿನ ಹೆಸರು ಬೇಡ. ರೋಣದಿಂದ ಬಸ್ಸಿನಲ್ಲಿ ದಿನಾ ಹೋಗಿಬರಬಹುದಾದ ಊರಿನಲ್ಲಿತ್ತು. ನನ್ನ ಮನೆ ರೋಣದಲ್ಲಿ. ನಾನು ಕಲಿಸುತ್ತಿದ್ದುದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಜೊತೆಗೆ ಇಡೀ ಕಾಲೇಜಿನ ವೇಳಾಪಟ್ಟಿ ಹಾಕುವ ಕೆಲಸ ನನ್ನದು. ಮಠದ ವಿದ್ಯಾರ್ಥಿ ನಿಲಯದಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಓದಿ ಬೆಳೆದವನು ನಾನು. ಆ ಕೆಲಸ ನನಗೆ ಹೊರೆ ಎನಿಸಲಿಲ್ಲ. ಮನೆ ಕಟ್ಟುವವನಿಗೆ ಗೋಡೆ ನೇರವಾಗಿ ಎದ್ದಾಗ ಆಗುವ ಸಮಾಧಾನ ನನಗೆ ವೇಳಾಪಟ್ಟಿ ಮುಗಿದಾಗ ಆಗುತ್ತಿತ್ತು.

ಅದರ ಒಳಗುಟ್ಟು ಒಂದೇ. ಕೋಣೆಗಳು ಕಡಿಮೆ, ವಿಷಯಗಳು ಹೆಚ್ಚು. ಹೀಗಾಗಿ ಯಾರೂ ಒಟ್ಟಿಗೆ ತೆಗೆದುಕೊಳ್ಳದ ಎರಡು ವಿಷಯಗಳನ್ನು ಹುಡುಕಿ ಒಂದೇ ಹೊತ್ತಿಗೆ ಇಡಬೇಕು. ಅರ್ಥಶಾಸ್ತ್ರ ಓದುವವನು ಸಸ್ಯಶಾಸ್ತ್ರದ ಕಡೆ ಹಾಯುವುದಿಲ್ಲ. ಆದ್ದರಿಂದ ಆ ಎರಡೂ ಒಂದೇ ತಾಸಿನಲ್ಲಿ, ಕಟ್ಟಡದ ಎರಡು ತುದಿಗಳಲ್ಲಿ ನಡೆಯಬಹುದು. ಇಂಥ ಜೋಡಿಗಳನ್ನು ನಾನು 'ದೂರದ ನೆಂಟರು' ಎನ್ನುತ್ತಿದ್ದೆ. ಎಷ್ಟು ದೂರದ ನೆಂಟರು ಸಿಕ್ಕರೆ ವೇಳಾಪಟ್ಟಿ ಅಷ್ಟು ಗಟ್ಟಿ. ಮುಗಿದ ಪಟ್ಟಿಯನ್ನು ಅಂಟು ಹಚ್ಚಿ ಫಲಕಕ್ಕೆ ಮೆತ್ತಿದರೆ ದೀಪಾವಳಿ ರಜೆಯವರೆಗೆ ಅದನ್ನು ಕೀಳುವಂತಿಲ್ಲ. ಈ ನಿಯಮವನ್ನು ನಾನೇ ಪ್ರಿನ್ಸಿಪಾಲರಿಂದ ಬರೆಸಿಕೊಂಡಿದ್ದೆ.

ಇನ್ನು ಬಳಿಗಾರ. ಇತಿಹಾಸ ಕಲಿಸುತ್ತಿದ್ದ. ನನ್ನದೇ ವಯಸ್ಸು, ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ತರಗತಿಗೆ ಯಾವಾಗಲೂ ತಡ. ಕೋಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿರುತ್ತಿದ್ದ. ಪುಸ್ತಕ ಚಹಾದ ಅಂಗಡಿಯಲ್ಲಿ ಬಿಟ್ಟು, ಚಹಾದ ಲೋಟ ತರಗತಿಗೆ ತರುತ್ತಿದ್ದ. ನನಗೆ 'ಗಡಿಯಾರ' ಎಂದು ಹೆಸರಿಟ್ಟವನು ಅವನೇ. ಅವನು ಬರುವವರೆಗೆ ಹುಡುಗರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಗಂಟೆ ಬಾರಿಸುವ ಮೊದಲೇ ನಾನು ಬಾಗಿಲಲ್ಲಿ ಇರುತ್ತಿದ್ದೆ. ನನಗಾಗಿ ಯಾರೂ ಕಾದು ನಿಂತದ್ದಿಲ್ಲ. ಕಾಯಲು ನಾನೇ ಅವಕಾಶ ಕೊಡುತ್ತಿರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು.

ನಾಡು ಒಂದಾದ ಮರುವರ್ಷ ವಿಶ್ವವಿದ್ಯಾಲಯದಿಂದ ಹೊಸ ನಿಯಮ ಬಂತು. ಅಲ್ಲಿಯವರೆಗೆ ಪದವಿಗೆ ಒಂದು ಮುಖ್ಯ ವಿಷಯ, ಅದರ ಬೆನ್ನಿಗೆ ಒಂದು ಉಪವಿಷಯ ಇರುತ್ತಿದ್ದವು. ಇನ್ನು ಮುಂದೆ ಬೇಕೆನಿಸಿದ ವಿದ್ಯಾರ್ಥಿ ಮುಖ್ಯ ವಿಷಯವನ್ನೇ ಬಿಟ್ಟು ಮೂರು ಉಪವಿಷಯಗಳನ್ನು ಜೋಡಿಸಿಕೊಂಡು ಪದವಿ ಪಡೆಯಬಹುದು. ಕಲೆಯವರು ವಿಜ್ಞಾನದ ಕಡೆಯಿಂದ, ವಿಜ್ಞಾನದವರು ಕಲೆಯ ಕಡೆಯಿಂದ ತೆಗೆದುಕೊಳ್ಳಲೂಬಹುದು. ಪ್ರಿನ್ಸಿಪಾಲರ ಒಪ್ಪಿಗೆ ಇದ್ದರೆ ಸಾಕು. ಉಪಾಧ್ಯಾಯರ ಕೋಣೆಯಲ್ಲಿ ಎಲ್ಲರೂ ನಕ್ಕರು. ಹಳೆಯ ಸೀರೆ, ಹಳೆಯ ಧೋತರದ ತುಂಡು ಸೇರಿಸಿ ಹೊಲಿದಂತೆ ಇದು ಕೌದಿ ಪದವಿ ಎಂದರು. ಆ ಹೆಸರೇ ನಿಂತಿತು.

ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದರು. "ನೀವು ಶಿಸ್ತಿನವರು, ಇವರು ಮಾತಿನವರು. ಇಬ್ಬರೂ ಕೂಡಿ ನರಗುಂದ, ಗಜೇಂದ್ರಗಡ, ರೋಣ ತಿರುಗಿ ಬರ್ರಿ. ಇಂಟರ್ ಮುಗಿಸಿ ಮನ್ಯಾಗ ಕುಂತ ಹುಡುಗರು ಭಾಳ ಅದಾರ. ಹೊಸಾ ಪದವಿ ತಿಳಿಸಿ ಹೇಳ್ರಿ" ಎಂದರು.

ನಾನು ತಯಾರಿ ಮಾಡಿಕೊಂಡೆ. ಬಟ್ಟೆಗೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಕೋಷ್ಟಕ ಬರೆದೆ. ಇಂಟರಿನಲ್ಲಿ ಓದಿದ್ದೇನು, ಅಂಕ ಎಷ್ಟು, ಹಾಗಾದರೆ ಯಾವ ಜೋಡಣೆ ಎಂದು ಕೈಯಿಟ್ಟು ತೋರಿಸಬಹುದು. ಬಳಿಗಾರ ಬರಿಗೈಯಲ್ಲಿ ಬಂದ.

ಮೊದಲು ನರಗುಂದ. ಹೈಸ್ಕೂಲಿನ ಪಡಸಾಲೆಯಲ್ಲಿ ನನ್ನ ಮೇಜು ಹಾಕಿಸಿ ಕೋಷ್ಟಕ ತೂಗು ಹಾಕಿದೆ. ಬಳಿಗಾರ ಹೊರಗೆ ಬೇವಿನ ಗಿಡದ ಕೆಳಗೆ ಕಲ್ಲಿನ ಮೇಲೆ ಕುಳಿತ. ಇತಿಹಾಸವೇ ಬೇಕೆಂದು ಬಂದ ಒಬ್ಬ ಹುಡುಗನಿಗೆ ನಾನು ಕೋಷ್ಟಕ ನೋಡಿ ಇತಿಹಾಸ ಮುಖ್ಯ, ರಾಜ್ಯಶಾಸ್ತ್ರ ಉಪವಿಷಯ ಎಂದು ಹೇಳಿ ಕಳಿಸಿದೆ. ಹೊರಗೆ ಬಳಿಗಾರ ಅವನನ್ನು ತಡೆದ.

"ಮನ್ಯಾಗ ದಿನಾ ಏನ್ ಮಾಡ್ತಿ?"

"ಏನೂ ಇಲ್ರಿ. ಅಜ್ಜ ಮೋಡಿ ಕಾಗದ ಓದಿ ಹೇಳ್ತಿದ್ದ. ಹೊಲದ ಹಳೇ ಕಾಗದ ತಗೊಂಡು ಮಂದಿ ಬರ್ತಾರ್ರಿ. ಈಗ ಅಜ್ಜಗ ಕಣ್ಣು ಕಾಣಂಗಿಲ್ಲ. ನಾನ ಓದ್ತೀನಿ."

"ಅದು ಏನೂ ಇಲ್ಲ ಅಂದಂಗ ಆತೇನೋ?" ಎಂದು ಬಳಿಗಾರ ಅವನ ಬೆನ್ನಿಗೆ ಹೊಡೆದ. ಮೋಡಿ ಎಂದರೆ ಹಳೆಯ ದಫ್ತರಗಳ ಮರಾಠಿ ಬರಹ. ಆಗಲೇ ಓದಬಲ್ಲವರು ಕಡಿಮೆಯಾಗಿದ್ದರು. ಅರ್ಧ ತಾಸು ಅದನ್ನೇ ಮಾತಾಡಿ ಇತಿಹಾಸ, ಮರಾಠಿ, ರಾಜ್ಯಶಾಸ್ತ್ರ ಮೂರನ್ನೂ ಸಮಸಮವಾಗಿ ಜೋಡಿಸಿಕೊಟ್ಟ. ಮುಂದೆ ಆ ಹುಡುಗ ವಕೀಲನಾದ. ಹಳೆಯ ಹೊಲದ ತಕರಾರು ಎಂದರೆ ಸುತ್ತಿನ ತಾಲೂಕಿನವರು ಅವನ ಮನೆ ಹುಡುಕಿಕೊಂಡು ಹೋಗುತ್ತಿದ್ದರು.

ಎಳೆಯರೇ, ಗಮನಿಸಿ. ಬಳಿಗಾರ ಇತಿಹಾಸದವನು. ತನ್ನ ವಿಭಾಗಕ್ಕೆ ಸಿಕ್ಕ ಮುಖ್ಯ ವಿಷಯದ ಹುಡುಗನನ್ನು ತಾನೇ ಬಿಟ್ಟುಕೊಟ್ಟ. ನಾನು ಬಿಡುತ್ತಿರಲಿಲ್ಲ. ಮನೆಯಲ್ಲಿ ದಿನಾ ಏನು ಮಾಡುತ್ತೀ ಎಂಬ ಪ್ರಶ್ನೆಗೆ ನನ್ನ ಕೋಷ್ಟಕದಲ್ಲಿ ಜಾಗವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಮುಂದೆ ಒಬ್ಬರೂ ಇಲ್ಲ, ಗಿಡದ ಕೆಳಗೆ ಜಾತ್ರೆ. ಯಾರದೋ ತಾಯಿ ಅವನಿಗೆ ಕುದಿಸಿದ ಶೇಂಗಾ ತಂದುಕೊಟ್ಟಳು. ಅವನು ಅರ್ಧ ನನಗೆ ಕಳಿಸಿದ. ತಿಂದೆ. ರುಚಿ ಹತ್ತಲಿಲ್ಲ.

ಗಜೇಂದ್ರಗಡದಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಮಗ್ಗದ ಮನೆಗಳು ಹೆಚ್ಚು. ಒಬ್ಬ ನೇಕಾರ ಮಗನನ್ನು ಕರೆತಂದು ಸೀರೆಗೆ ಹಾಕುವ ಬಣ್ಣ ತೊಳೆದರೆ ಬಿಡುವ ಕಷ್ಟ ಹೇಳಿಕೊಂಡ. ಬಳಿಗಾರ ಉಬ್ಬಿಹೋದ. ಹುಡುಗನಿಗೆ ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ ಎಂದು ಹೊಲಿದುಕೊಟ್ಟ. ತಂದೆ ಬಳಿಗಾರನ ಕೈ ಹಿಡಿದುಕೊಂಡ. ಹುಡುಗ ನೆಲ ನೋಡುತ್ತ ನಿಂತಿದ್ದ. ಅದನ್ನು ನಾನು ನೋಡಿದೆ, ಬಳಿಗಾರ ನೋಡಲಿಲ್ಲ. ಅದರ ಫಲ ಆಮೇಲೆ ಹೇಳುತ್ತೇನೆ.

ಕೊನೆಗೆ ರೋಣ. ನನ್ನ ಊರು, ನನ್ನ ಜನ. ಇಲ್ಲಿಯೂ ಪಡಸಾಲೆಯಲ್ಲಿ ನನ್ನ ಮೇಜು, ಹೊರಗೆ ಗಿಡದ ಕೆಳಗೆ ಬಳಿಗಾರ. ಇಲ್ಲಾದರೂ ನನ್ನ ಮೇಜಿಗೆ ಬಂದಾರು ಎಂದುಕೊಂಡೆ. ಮೊದಲು ಬಂದವರು ಹತ್ತಿ ದಲಾಲ ಶಿವಲಿಂಗಪ್ಪ ಮತ್ತು ಅವರ ಮಗಳು ಗೌರವ್ವ. ಹುಡುಗಿ ಹುಬ್ಬಳ್ಳಿಯಲ್ಲಿ ತಾಯಿಯ ತಂಗಿ ಮೌಶಿಯ ಮನೆಯಲ್ಲಿದ್ದು ಇಂಟರ್ ವಿಜ್ಞಾನ ಮುಗಿಸಿದ್ದಳು. ಮೌಶಿಯ ಗಂಡನಿಗೆ ದೂರ ವರ್ಗವಾಗಿ ಮನೆಗೆ ಬಂದಿದ್ದಳು.

ನಾನು ಕೋಷ್ಟಕ ನೋಡಿ, "ಸಸ್ಯಶಾಸ್ತ್ರ ಮುಖ್ಯ, ರಸಾಯನಶಾಸ್ತ್ರ ಉಪವಿಷಯ. ಪ್ರಯೋಗ ಸಂಜಿತನಕ ಇರ್ತಾವು. ಹಾಸ್ಟೆಲಿನ್ಯಾಗ ಇರಬೇಕಾಗ್ತೈತಿ" ಎಂದೆ.

ಶಿವಲಿಂಗಪ್ಪನವರು ಎದ್ದು ನಿಂತರು. "ಮಾಸ್ತರ್ರ, ನಂದು ಒಂದ ಮಾತು. ಮುಂಜಾನಿ ಬಸ್ಸಿಗೆ ಹೋಗಬೇಕು, ಸಂಜಿ ಬಸ್ಸಿಗೆ ಮನೀಗೆ ಬರಬೇಕು. ಬಸ್ಸು ತಪ್ಪಿಸಿದ ದಿನ ಕಾಲೇಜು ಬಂದ್. ಇದಕ್ಕ ಒಪ್ಪಿದ್ರ ಕಲೀಲಿ, ಇಲ್ಲಾಂದ್ರ ಸಾಕು. ನಡಿಯವ್ವಾ."

ಗೌರವ್ವ ಏಳಲಿಲ್ಲ. ಕುಳಿತಲ್ಲೇ ಗಿಡದ ಕಡೆ ನೋಡಿದಳು. ಬಳಿಗಾರ ಆಗಲೇ ಎದ್ದು ಬರುತ್ತಿದ್ದ.

"ಮನ್ಯಾಗ ದಿನಾ ಏನ್ ಮಾಡ್ತೀವಾ?"

"ಅಪ್ಪಗ ಅರಳಿ ನೋಡಿಕೊಡ್ತೀನ್ರಿ" ಎಂದಳು. ಹಿಂಜಿದ ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ಉದ್ದ, ಗಟ್ಟಿ, ಹೊಳಪು ಹೇಳುವ ಕೆಲಸ ಅದು.

ಶಿವಲಿಂಗಪ್ಪ ನಿಂತಲ್ಲೇ ನಕ್ಕರು. "ನೋಡಿಕೊಟ್ಟು ಸುಮ್ಮನ ಇರಂಗಿಲ್ರಿ. ಒಂದ ಬೀಜ ನರಗುಂದದಾಗ ಉದ್ದ ಎಳಿ ಕೊಡ್ತೈತಿ, ಇಲ್ಲಿ ಗಿಡ್ಡ ಎಳಿ, ಯಾಕ ಅಂತಾಳ. ಎಳಿ ಚಲೋ ಇದ್ರೂ ದರಾ ಇಳೀತು, ಯಾಕ ಅಂತಾಳ. ಒಂದ ಚೀಲ ನೋಡಿ ನೂರ ಚೀಲಕ್ಕ ದರಾ ಹೇಳ್ತೀರಿ, ಯಾಕ ಅಂತಾಳ. ಗಿರಾಕಿ ಎದುರಿಗೆ ಕೇಳ್ತಾಳ್ರಿ. ನಂಗ ಸಾಕಾಗೇತಿ."

"ಮೂರು ಯಾಕ, ಮೂರು ಉಪವಿಷಯ" ಎಂದ ಬಳಿಗಾರ. "ಗಿಡದ ಯಾಕ ಸಸ್ಯಶಾಸ್ತ್ರಕ್ಕ, ದರದ ಯಾಕ ಅರ್ಥಶಾಸ್ತ್ರಕ್ಕ. ನೂರ ಚೀಲದ ಯಾಕ ಸಂಖ್ಯಾಶಾಸ್ತ್ರಕ್ಕ. ಅದು ಈ ಗಡಿಯಾರ ಕಲಿಸ್ತಾನ. ಮಗಳು ಸಂಜಿ ಬಸ್ಸಿಗೆ ಬರ್ತಾಳ್ರಿ ಯಜಮಾನ್ರ. ನಂದು ಜವಾಬ್ದಾರಿ."

ಹತ್ತಿಯ ಮೇಲೆ ಒಂದು ಪದವಿ. ಅಂಥ ಹೆಸರಿನ ಪದವಿ ಆಗ ನಮ್ಮ ಕಡೆ ಎಲ್ಲಿಯೂ ಇರಲಿಲ್ಲ. ಶಿವಲಿಂಗಪ್ಪನವರ ಮಾತು ಮುಗಿಯುವಷ್ಟರಲ್ಲಿ ಅವನು ನಿಂತಲ್ಲೇ ಅದನ್ನು ಕಟ್ಟಿದ್ದ. ಗೌರವ್ವನ ಮುಖ ನೋಡಿದೆ. ನನ್ನ ವಿಷಯವೂ ಅದರಲ್ಲಿ ಒಂದು ತುಂಡಾಗಿತ್ತು. ಆದರೆ ಆಕೆ ನೋಡುತ್ತಿದ್ದುದು ಹೊಲಿದವನನ್ನು.

ಕಾಲೇಜು ತೆರೆಯಿತು. ಮೊದಲ ದಿನ ಗೌರವ್ವ ಫಲಕದ ಮುಂದೆ ಬಹಳ ಹೊತ್ತು ನಿಂತು ನನ್ನ ಬಳಿ ಬಂದಳು. "ಸರ್, ಅರ್ಥಶಾಸ್ತ್ರ, ಸಸ್ಯಶಾಸ್ತ್ರ ಎರಡೂ ಒಂದ ತಾಸಿಗೆ ಅದಾವು. ನಾ ಎರಡು ಕಡೆ ಹ್ಯಾಂಗ ಕೂಡ್ಲಿ? ಪ್ರಯೋಗ ನೋಡಿದ್ರ ಬಸ್ಸು ಹೋದ ಮ್ಯಾಲೆ ಮುಗೀತಾವು."

ದೂರದ ನೆಂಟರನ್ನು ಬಳಿಗಾರ ಒಂದೇ ಚಾಪೆಯ ಮೇಲೆ ಕೂಡಿಸಿದ್ದ. ಮಾತು ಕೊಡುವ ಮೊದಲು ನನ್ನ ವೇಳಾಪಟ್ಟಿ ನೋಡಿರಲಿಲ್ಲ. ಹೊಸಬರಿಗೆ ಮೊದಲ ಪಾಠ ಇದೇ: ಕೈಯಲ್ಲಿ ವೇಳಾಪಟ್ಟಿ ಇಲ್ಲದೆ ಯಾರಿಗೂ ಜೋಡಣೆಯ ಮಾತು ಕೊಡಬೇಡಿ.

ಬಳಿಗಾರ ಬಂದು, "ಸರಿ ಮಾಡಪಾ ಗಡಿಯಾರ" ಎಂದ.

"ಮಾತು ಕೊಟ್ಟಾವ ನೀ. ಸರಿ ಮಾಡಾವನೂ ನೀನ ಆಗು" ಎಂದೆ.

ಅವನು ಮಾಡಲು ಕುಳಿತ. ಇಡೀ ದಿನ ಉಪಾಧ್ಯಾಯರ ಕೋಣೆಯಲ್ಲಿ ಹಾಳೆ ಹರಡಿಕೊಂಡು ತಲೆ ಕೆರೆದುಕೊಂಡ. ಕೊನೆಗೆ ನೋಡಿದರೆ ಮೂರು ತರಗತಿ ಒಂದೇ ಕೋಣೆಯಲ್ಲಿ, ಪ್ರಿನ್ಸಿಪಾಲರ ಇಂಗ್ಲಿಷ್ ಪಾಠ ಸಾಮಾನಿನ ಕೋಣೆಯಲ್ಲಿ. ನಾನು ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದೆ. ಅಷ್ಟು ನಿಧಾನವಾಗಿ, ಅಷ್ಟು ಸುಖವಾಗಿ ನಾನು ಪತ್ರಿಕೆ ಓದಿದ್ದು ಕಡಿಮೆ.

ಸಂಜೆ ಬಸ್ಸಿನಲ್ಲಿ ಗೌರವ್ವ ಮುಂದಿನ ಸೀಟಿನಲ್ಲಿದ್ದಳು. ಊರು ದಾಟಿದ ಮೇಲೆ ತಿರುಗಿ ಕೇಳಿದಳು. "ಸರ್, ಬಳಿಗಾರ ಸರ್ ಸರಿ ಮಾಡ್ತೀನಿ ಅಂದಾರ. ಅವರ ಕೈಲೆ ಆಗ್ತೈತೇನ್ರಿ?"

"ಆಗೂದಿಲ್ಲ."

"ಮತ್ತ ಯಾರ ಕೈಲೆ ಆಗ್ತೈತ್ರಿ?"

ಪ್ರಶ್ನೆ ಅಷ್ಟೇ. ಅದರಲ್ಲಿ ಬೇಡಿಕೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು, ಹತ್ತಿಯ ಬಗ್ಗೆ ಕೇಳುವ ಹಾಗೆ. ಇಡೀ ಕಾಲೇಜಿನಲ್ಲಿ ಆ ಕೆಲಸ ಬಲ್ಲವನು ಒಬ್ಬನೇ ಇದ್ದ, ಅವನ ಹೆಸರು ಆಕೆಗೆ ಹೊಳೆದಿರಲಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ.

ಮರುದಿನ ಭಾನುವಾರ. ಊಟ ಮುಗಿಸಿ ಕುಳಿತವನು ದೀಪ ಹಚ್ಚುವವರೆಗೆ ಏಳಲಿಲ್ಲ. ಸಸ್ಯಶಾಸ್ತ್ರದ ಪ್ರಯೋಗಗಳನ್ನು ಮಧ್ಯಾಹ್ನಕ್ಕೆ ಎಳೆದೆ. ಅದಕ್ಕೆ ಭೂಗೋಳವನ್ನು ಮೇಲಿನ ಕೋಣೆಗೆ ಹತ್ತಿಸಿದೆ. ಅರ್ಥಶಾಸ್ತ್ರವನ್ನು ಸಂಖ್ಯಾಶಾಸ್ತ್ರದ ತಾಸಿಗೆ ಇಟ್ಟೆ. ಎಲ್ಲ ಕೂಡಿ ಬಂತು, ಸಂಖ್ಯಾಶಾಸ್ತ್ರ ಒಂದೇ ಹೊರಗೆ ಉಳಿಯಿತು. ಆ ವಿಷಯಕ್ಕೆ ಗೌರವ್ವ ಒಬ್ಬಳೇ ವಿದ್ಯಾರ್ಥಿನಿ, ಮೇಷ್ಟ್ರು ನಾನೊಬ್ಬನೇ. ಮುಂಜಾನೆಯ ಬಸ್ಸು ಬಂದ ಮೇಲೆ, ಸಂಜೆಯ ಬಸ್ಸು ಹೋಗುವ ಮೊದಲು, ಒಂದು ತಾಸೂ ಖಾಲಿ ಇಲ್ಲ. ಖಾಲಿ ಇದ್ದದ್ದು ಬಸ್ಸಿನೊಳಗಿನ ತಾಸು.

ಸೋಮವಾರ ಪ್ರಿನ್ಸಿಪಾಲರು ಹೊಸ ಹಾಳೆಯ ಮೇಲೆ ಬೆರಳು ಆಡಿಸುತ್ತ ಒಂದು ಕಡೆ ನಿಂತರು.

"ಸಂಖ್ಯಾಶಾಸ್ತ್ರಕ್ಕ ಕೋಣಿ ಯಾವುದು? ಇಲ್ಲೇನೋ ಬಸ್ಸು ಅಂತ ಬರದೀರಿ."

"ಬಸ್ಸ ಸರ್. ರೋಣದ ಬಸ್ಸು. ಆಕೀನೂ ಅದರಾಗ ಬರ್ತಾಳ, ನಾನೂ ಬರ್ತೀನಿ. ಹಾಜರಿ ತಪ್ಪೂದಿಲ್ಲ."

"ವಿಶ್ವವಿದ್ಯಾಲಯದವರು ಕೇಳಿದ್ರ?"

"ಪಾಠದ ಜಾಗಾ ಬರೀಬೇಕು ಅಂತ ನಿಯಮ ಐತ್ರಿ. ಜಾಗಾ ನಿಂತಿರಬೇಕು ಅಂತ ಇಲ್ಲ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಬಹಳ ಹೊತ್ತು ನಕ್ಕರು. ಸಹಿ ಹಾಕಿದರು. ಮೆತ್ತಿದ ವೇಳಾಪಟ್ಟಿ ಕೀಳಲೂ ಒಪ್ಪಿದರು. ಆಮೇಲೆ ಹಾಳೆ ನನ್ನ ಕೈಗೆ ಕೊಡುತ್ತ, "ಬಳಿಗಾರಂದ ಈ ಕಿತಾಪತಿ, ಗೊತ್ತಾತು ಬಿಡ್ರಿ. ನಿಮಗ ಇಂಥಾದ್ದೆಲ್ಲಾ ಹೊಳೆಯೂದಿಲ್ಲ" ಎಂದರು.

ಅಲ್ಲ, ನನ್ನದೇ ಎಂದೆ. ಅವರು ಇನ್ನೂ ನಕ್ಕರು.

ಶಿವಲಿಂಗಪ್ಪನವರನ್ನು ಒಪ್ಪಿಸಲು ಅವರ ಅಂಗಡಿಗೆ ಹೋದೆ. "ಬಸ್ಸಿನ್ಯಾಗ ಸಾಲಿಯೇನ್ರಿ? ಮಂದಿ ಏನಂದಾರು?" ಎಂದರು.

"ಮಂದಿ ಎದುರಿಗೇ ಕಲಿಸ್ತೀನ್ರಿ. ನಡು ಬಸ್ಸಿನ್ಯಾಗ, ಜ್ವಾಳದ ಚೀಲ, ಕೋಳಿ ಬುಟ್ಟಿ ನಡುವ. ಬಾಗಲಾ ಹಾಕಿದ ಕೋಣಿಗಿಂತ ಚಲೋ ಅಲ್ಲೇನ್ರಿ?"

ಅವರು ಸ್ವಲ್ಪ ವಿಚಾರ ಮಾಡಿ, "ಅದೂ ಖರೇ. ಆದ್ರ ನನ್ನ ಮಾತು ನೆನಪಿರ್ಲಿ. ಬಸ್ಸು ತಪ್ಪಿಸಿದ ದಿನ ಬಂದ್" ಎಂದರು.

ಕಂಡಕ್ಟರ್ ಮಾಬುಸಾಬ ಮುಂದಿನ ಸೀಟು ಕಾಯ್ದಿಡುತ್ತಿದ್ದ. ಗೌರವ್ವ ಕಿಟಕಿಯ ಪಕ್ಕ, ನಾನು ಈಚೆ ಸಾಲಿನಲ್ಲಿ ಕಂಬ ಹಿಡಿದು. "ಕೋಣಿ ನಂದು ಮಾಸ್ತರ್ರ. ಬಾಡಿಗಿ ಯಾವಾಗ ಕೊಡ್ತೀರಿ?" ಎಂದು ದಿನಾ ಕೇಳುತ್ತಿದ್ದ. ಕರಿಹಲಗೆ ಇಲ್ಲ. ಬಸ್ಸಿನಲ್ಲಿದ್ದ ಚೀಲಗಳೇ ಲೆಕ್ಕ. ಯಾವ ಚೀಲ ಎಷ್ಟು ಭಾರ ಎಂದು ಗೌರವ್ವ ಊಹಿಸಬೇಕು, ಚೀಲದವನು ಹೇಳಬೇಕು, ತಪ್ಪು ಎಷ್ಟಾಯಿತೆಂದು ನೋಡಬೇಕು. ಲಕ್ಕಲಕಟ್ಟಿಯ ಒಬ್ಬ ರೈತ ಸಂತೆ ದಿನ ತನ್ನ ಕಡಲೆ ಚೀಲ ಮುಂದಕ್ಕೆ ತಂದಿಟ್ಟು, "ಇದನ್ನೂ ಸೇರಿಸ್ರಿ" ಎನ್ನುತ್ತಿದ್ದ.

ಒಂದು ದಿನ ಗೌರವ್ವ ಕೇಳಿದಳು. "ಸರ್, ಸರಾಸರಿ ಅಂದ್ರ ಬಸ್ಸಿನ್ಯಾಗಿನ ಯಾವ ಚೀಲದಾಗೂ ಇಲ್ಲದ ತೂಕ ಅಲ್ಲೇನ್ರಿ? ಇಲ್ಲದ್ದನ್ನ ನಂಬಿ ಅಪ್ಪ ದರಾ ಹ್ಯಾಂಗ ಕಟ್ತಾನ?"

"ತಂಗಿ, ಇಲ್ಲದ್ದನ್ನ ನಂಬದಿದ್ರ ನಾನೂ ಟಿಕೆಟ್ ಹರಿಯೂದಿಲ್ಲ. ಮುಂದಿನ ಊರಾಗ ಮಂದಿ ಹತ್ತತಾರ ಅಂತ ನಂಬೇ ಬಸ್ಸು ಬಿಡ್ತೀವಿ" ಎಂದ ಮಾಬುಸಾಬ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಆ ದಿನದ ಪಾಠವನ್ನು ಅಲ್ಲಿಗೇ ಬಿಟ್ಟೆ.

ಕೋಣೆಯೊಳಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಬಸ್ಸಿನ ಆ ಎರಡು ವರ್ಷಗಳ ಪಾಠಕ್ಕೆ ಯಾವುದೂ ಸಾಟಿಯಲ್ಲ. ಆದರೆ ಕಾಲೇಜಿನಲ್ಲಿ ಅದಕ್ಕೆ ಬಿದ್ದ ಹೆಸರು 'ಬಳಿಗಾರ ಸರ್ ಬಸ್ಸು'. ಬಳಿಗಾರ ಮುಚ್ಚುಮರೆ ಮಾಡಲಿಲ್ಲ. ಕೇಳಿದವರಿಗೆಲ್ಲ, "ಅದು ನಂದಲ್ರೋ, ಗಡಿಯಾರಂದು" ಎನ್ನುತ್ತಿದ್ದ. ನಗುತ್ತ ಹೇಳುತ್ತಿದ್ದುದರಿಂದ ಯಾರೂ ನಂಬಲಿಲ್ಲ. ನಗದೆ ಹೇಳು ಎಂದು ಒಮ್ಮೆ ಕೇಳಿಕೊಂಡೆ. ನಗದೆ ಹೇಳಲು ಹೋಗಿ ಇನ್ನೂ ಜೋರಾಗಿ ನಕ್ಕ.

ಗಜೇಂದ್ರಗಡದ ಹುಡುಗನ ಸಂಗತಿ ಆ ಚಳಿಗಾಲದಲ್ಲಿ ಹೊರಬಿತ್ತು. ರಸಾಯನಶಾಸ್ತ್ರದ ಕೋಣೆಗೆ ಕಾಲಿಡದೆ ಹೊರಗೆ ಅಲೆಯುತ್ತಿದ್ದ. ಬಳಿಗಾರ ಹಿಡಿದು ಕೇಳಿದರೆ, "ಸರ್, ನಾ ಕಾಲೇಜಿಗೆ ಬಂದಿದ್ದ ಆ ಬಣ್ಣದ ವಾಸನಿ ತಪ್ಪಿಸ್ಕೊಳ್ಳಾಕ. ನೀವು ಅದನ್ನ ಶೀಶೆದಾಗ ತುಂಬಿ ಮತ್ತ ನನ್ನ ಮುಂದ ಇಟ್ರಿ" ಎಂದನಂತೆ. ಬಳಿಗಾರ ಪ್ರಶ್ನೆ ಕೇಳಿದ್ದು ತಂದೆಯನ್ನು, ಓದುವವನು ಮಗ. ಇದನ್ನು ಬರೆದಿಟ್ಟುಕೊಳ್ಳಿ: ಮನೆಯವರನ್ನು ಒಮ್ಮೆ ಕೇಳಿ, ಹುಡುಗನನ್ನು ಬೇರೆ ಕರೆದು ಇನ್ನೊಮ್ಮೆ ಕೇಳಿ. ಆ ವಾರ ನನ್ನ ನಡಿಗೆಯೇ ಬೇರೆಯಾಗಿತ್ತು. ತಪ್ಪು ತನ್ನದೇ ಎಂದು ಹೇಳಿ ಬಳಿಗಾರ ಹುಡುಗನನ್ನು ನನ್ನ ಬಳಿಗೆ ಕಳಿಸಿದ. ಅವನಿಗೆ ಭೂಗೋಳ ಇಷ್ಟವಿತ್ತು. ಊರು ಬಿಟ್ಟು ದೂರ ಹೋಗಬೇಕೆಂದಿದ್ದವನಿಗೆ ಇಷ್ಟವಾಗುವಂಥದ್ದೇ. ನಾನು ವರ್ಷದ ನಡುವೆ ಜಾಗ ಮಾಡಿಕೊಟ್ಟೆ. ಅವನು ಹೋಗಿ ಬಳಿಗಾರನ ಕಾಲಿಗೆ ಬಿದ್ದು ಬಂದ. ತಪ್ಪು ಒಪ್ಪಿಕೊಂಡ ಮೇಷ್ಟ್ರನ್ನು ಅವನು ಅದೇ ಮೊದಲು ನೋಡಿದ್ದನಂತೆ.

ಎರಡನೆಯ ವರ್ಷದ ಕೊನೆಗೆ ಪರೀಕ್ಷೆಗಳು ಬಂದವು. ಗೌರವ್ವ ಒಂದು ದಿನವೂ ಬಸ್ಸು ತಪ್ಪಿಸಿರಲಿಲ್ಲ. ಸಸ್ಯಶಾಸ್ತ್ರದ ಪ್ರಯೋಗ ಪರೀಕ್ಷೆಯ ದಿನ ಹೊರ ಊರಿನ ಪರೀಕ್ಷಕರ ಗಾಡಿ ತಡವಾಯಿತು. ಮಧ್ಯಾಹ್ನ ಶುರುವಾಗಬೇಕಾದದ್ದು ಹೊತ್ತು ಇಳಿದ ಮೇಲೆ ಶುರುವಾಯಿತು. ಇನ್ನೂ ಸಂಖ್ಯಾಶಾಸ್ತ್ರದ ಲಿಖಿತ ಪರೀಕ್ಷೆ ಬಾಕಿ. ಈ ಸಂಜೆ ಬಸ್ಸು ತಪ್ಪಿದರೆ ಶಿವಲಿಂಗಪ್ಪ ಆ ಪರೀಕ್ಷೆಗೆ ಕಳಿಸುವವರಲ್ಲ. ಎರಡು ವರ್ಷದ ಕೌದಿ ಒಂದು ತುಂಡಿಗೆ ನಿಂತುಬಿಡುತ್ತಿತ್ತು.

ನಾನು ನಿಲ್ದಾಣಕ್ಕೆ ಓಡಿದೆ. ಬಸ್ಸು ಸದ್ದು ಮಾಡುತ್ತ ನಿಂತಿತ್ತು. ಡ್ರೈವರ್ ಯಲ್ಲಪ್ಪನಿಗೆ ಸ್ವಲ್ಪ ತಡೆಯಲು ಹೇಳಿದೆ.

"ತಡಿಯೂದಾ?" ಅವನು ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಮಾಸ್ತರ್ರ, ಬಸ್ಸು ತಡಾ ಆತು ಅಂತ ಎರಡು ವರ್ಷದಿಂದ ಮ್ಯಾಲಿನ ಸಾಹೇಬ್ರಿಗೆ ಅರ್ಜಿ ಬರದಾವ್ರು ಯಾರು? ನನ್ನ ಪಗಾರ ಕಟ್ ಮಾಡ್ಸಿದಾವ್ರು ಯಾರು? ಇವತ್ತ ನೀವ ತಡಿ ಅಂತೀರಿ."

"ಹುಡುಗಿ ಪರೀಕ್ಷೆದಾಗ ಅದಾಳೋ ಯಲ್ಲಪ್ಪ."

"ಅರ್ಜಿದಾಗ ಹಂಗ ಬರೀಲಿಲ್ಲ ನೀವು. ಯಾವ ಕಾರಣಕ್ಕೂ ತಡಾ ಆಗಬಾರದು ಅಂತ ಬರದ್ರಿ. ಸಾಹೇಬ್ರು ಓದಿ ಹೇಳ್ಯಾರ ನನಗ."

ಮಾಬುಸಾಬ ಆಕಾಶ ನೋಡಿದ. ಯಲ್ಲಪ್ಪ ಗೇರಿಗೆ ಕೈ ಹಾಕಿದ.

ಅಷ್ಟರಲ್ಲಿ ಬಳಿಗಾರ ಕಾಣಿಸಿದ. ಕಾಲೇಜಿನ ಕಡೆಯಿಂದ ಅವಸರವಿಲ್ಲದೆ ನಡೆದು ಬರುತ್ತಿದ್ದ. ನಿಲ್ದಾಣದ ಬಾಗಿಲಲ್ಲಿ ಲಿಂಬೆಹಣ್ಣು ಮಾರುವ ಹೆಂಗಸಿನ ಮುಂದೆ ನಿಂತು, ಅವಳ ಬುಟ್ಟಿಯನ್ನು ಬುಟ್ಟಿಸಮೇತ ಕೊಂಡ. ತಲೆಯ ಮೇಲೆ ಹೊತ್ತುಕೊಂಡು ಬಸ್ಸಿನ ಮುಂದೆ ಬಂದು ಎಡವಿದ. ಎಡವಿದನೋ, ಎಡವಿಕೊಂಡನೋ, ಲಿಂಬೆಹಣ್ಣುಗಳು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಉರುಳಿದವು.

"ಅಯ್ಯ, ನನ್ನ ಹೆಂಡತಿ ಉಪ್ಪಿನಕಾಯಿ ಹಾಕ್ಬೇಕು" ಎಂದು ಬಳಿಗಾರ ಬಸ್ಸಿನ ಕೆಳಗೆ ನುಸುಳಿದ. ಅವನ ಹಿಂದೆ ನಾಲ್ಕು ಜನ ನುಸುಳಿದರು. ಬಸ್ಸಿನೊಳಗಿದ್ದವರು ಇಳಿದು ಬಂದರು. ನೆಲದ ಮೇಲೆ ಹಣ್ಣು ಬಿದ್ದರೆ ಸುಮ್ಮನೆ ನೋಡುತ್ತ ನಿಲ್ಲುವ ಜನ ನಮ್ಮ ಕಡೆ ಇಲ್ಲ.

"ಏ ಮಾಸ್ತರ್ರ, ಹೊರಗ ಬರ್ರಿ. ಗಾಲಿ ತಳಗ ಲಿಂಬಿಹಣ್ಣು ಅಮಾಸಿಗೆ ಇಡೂದು, ಇವತ್ತ್ಯಾಕ?" ಎಂದು ಯಲ್ಲಪ್ಪ ಕೂಗಿದ.

"ಇನ್ನೊಂದು ಐತಿ ತಡೀಯೋ, ಹಿಂದಿನ ಗಾಲಿಗೆ ಹೋಗೇತಿ" ಎಂದು ಕೆಳಗಿನಿಂದ ಉತ್ತರ ಬಂತು. ಪ್ರತಿ ಸಲವೂ ಇನ್ನೊಂದು ಇತ್ತು. ಆರಿಸಿದವರು ಬುಟ್ಟಿಗೆ ಹಾಕುತ್ತಿದ್ದರು, ಬಳಿಗಾರ ಬುಟ್ಟಿ ಜಾಗ ಬದಲಿಸುವ ನೆಪದಲ್ಲಿ ಮತ್ತೆ ನಾಲ್ಕು ಉರುಳಿಸುತ್ತಿದ್ದ. ನಾನು ಕಂಬದ ಹಾಗೆ ನಿಂತು ನೋಡುತ್ತಿದ್ದೆ. ಜೀವಮಾನವಿಡೀ ತಡ ಮಾಡಿ ಮಾಡಿ ಅವನಿಗೆ ಆ ಕೆಲಸ ಕರಗತವಾಗಿತ್ತು. ನನಗೆ ಒಂದು ನಿಮಿಷವನ್ನೂ ಹಿಡಿದು ನಿಲ್ಲಿಸಲಾಗಿರಲಿಲ್ಲ. ಅವನ ಆ ದುರ್ಗುಣದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಗೌರವ್ವ ಓಡುತ್ತ ಬಂದು ಬಸ್ಸು ಹತ್ತಿದಳು. ಕೈಗೆ ಎಲೆಯ ಹಸಿರು ಹತ್ತಿತ್ತು. ಕೂಡಲೇ ಬಳಿಗಾರನಿಗೆ ಹಣ್ಣೆಲ್ಲ ಸಿಕ್ಕವು.

ರೋಣದಲ್ಲಿ ಶಿವಲಿಂಗಪ್ಪ ನಿಲ್ದಾಣದಲ್ಲಿ ನಿಂತಿದ್ದರು. ಕತ್ತಲಾಗುತ್ತ ಬಂದಿತ್ತು. "ಬಸ್ಸು ತಪ್ಪಿಸಿದೇನವ್ವಾ?" ಎಂದರು.

"ಬಸ್ಸು ಎಲ್ಲಿ ತಪ್ಪಿಸೀನಪ್ಪಾ? ಬಸ್ಸಿನ್ಯಾಗ ಬಂದೀನಲ್ಲ. ಬಸ್ಸ ತಡಾ ಆತು."

ಶಿವಲಿಂಗಪ್ಪ ನನ್ನ ಕಡೆ ನೋಡಿದರು. ಬಸ್ಸಿನ ವೇಳೆಯ ಬಗ್ಗೆ ರೋಣದಲ್ಲಿ ನನ್ನ ಮಾತಿಗೆ ಎರಡನೆಯ ಮಾತಿರಲಿಲ್ಲ. "ಬಸ್ಸೇ ತಡಾ ಆತ್ರಿ. ನಾಳೆ ಅರ್ಜಿ ಬರೀತೀನಿ" ಎಂದೆ. ಹಿಂದಿನಿಂದ ಯಲ್ಲಪ್ಪ ಹಲ್ಲು ಕಡಿದ ಸದ್ದು ಕೇಳಿತು. ಆ ಅರ್ಜಿಯನ್ನು ನಾನು ಬರೆಯಲಿಲ್ಲ.

ಗೌರವ್ವ ಪಾಸಾದಳು. ತಂದೆಯ ಅಂಗಡಿಯಲ್ಲಿಯೇ ಕುಳಿತಳು. ತಂದೆ ತೀರಿದ ಮೇಲೆ ಒಬ್ಬಳೇ ನಡೆಸಿದಳು. ಬೀಜದವರು, ಗಿರಣಿಯವರು ಆಕೆಯ ಮಾತು ಕೇಳಲು ಬರುತ್ತಿದ್ದರು. ಅಂಗಡಿಗೆ ಬಂದು ಕಾಯುವ ಜನ ನೋಡಿದಾಗಲೆಲ್ಲ ನರಗುಂದದ ಬೇವಿನ ಗಿಡ ನನಗೆ ನೆನಪಾಗುತ್ತಿತ್ತು.

ಬಳಿಗಾರ ಹೋದ ವರ್ಷ ತೀರಿಕೊಂಡ. ಅಂತ್ಯಕ್ರಿಯೆಗೆ ಅವನ ವಿದ್ಯಾರ್ಥಿಗಳು ಎಷ್ಟು ಜನ ಬಂದಿದ್ದರೆಂದರೆ ನನಗೆ ಹತ್ತಿರ ಹೋಗಲು ಜಾಗ ಸಿಗಲಿಲ್ಲ. ಅಲ್ಲಿಯೂ ನಾನು ಹೊತ್ತಿಗೆ ಮುಂಚೆ ಹೋಗಿದ್ದೆ, ತಡವಾಗಿ ಬಂದವರೇ ಮುಂದೆ ನಿಂತರು.

ಮೊನ್ನೆ ಗೌರವ್ವನ ಅಂಗಡಿಗೆ ಹೋಗಿದ್ದೆ. ಗೋಡೆಯ ಮೇಲೆ ತಂದೆಯ ಫೋಟೋ, ಅದರ ಪಕ್ಕದಲ್ಲಿ ಬಳಿಗಾರನದು. ಎರಡಕ್ಕೂ ಹೊಸ ಮಾಲೆ. ಫೋಟೋದಲ್ಲಿಯೂ ಅವನ ಕೋಟಿನ ಗುಂಡಿ ಒಂದು ಮನೆ ತಪ್ಪಿತ್ತು. ಬಹಳ ಹೊತ್ತು ನೋಡಿದೆ. ಈ ವಯಸ್ಸಿನಲ್ಲಿ ಸಂಕೋಚ ಯಾಕೆಂದು ಕೇಳಿಯೇಬಿಟ್ಟೆ. "ಗೌರವ್ವಾ, ಪದವಿ ಹೊಲಿದಾವ ಅವ ಖರೇ. ಬಸ್ಸಿನ್ಯಾಗ ನಿಂತು ಕಲಿಸಿದಾವ ನಾನು. ನನ್ನ ಫೋಟೋ ಎಲ್ಲೈತಿ?"

ಆಕೆ ಅರಳೆಯ ಎಳೆ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. "ಸರ್, ನಮ್ಮ ಅಂಗಡ್ಯಾಗ ತೀರಿಕೊಂಡವರ ಫೋಟೋನ ಹಾಕೂದು. ನೀವಿನ್ನೂ ಮುಂಜಾನಿ ಬಸ್ಸಿನ ಹೊತ್ತಿಗೆ ಬಂದು ಚಹಾ ಕುಡೀತೀರಲ್ರಿ. ಏನ್ ಮಾಡ್ಲಿ?" ಆಮೇಲೆ ಬಳಿಗಾರನ ಫೋಟೋದ ಆಚೆ ಬೆರಳು ತೋರಿಸಿದಳು. "ಮೊಳಿ ಹೊಡಿಸಿಟ್ಟೀನಿ, ನೋಡ್ರಿ. ಅವರದು ಹೊಡೀವಾಗ ನಿಮ್ಮದೂ ಕೂಡೇ ಹೊಡಿಸೀನಿ. ನೀವು ಅವಸರ ಮಾಡಬ್ಯಾಡ್ರಿ."

ಹತ್ತಿರ ಹೋಗಿ ನೋಡಿದೆ. ಒಳ್ಳೆಯ, ಗಟ್ಟಿ ಮೊಳೆ. ಬಳಿಗಾರನ ಮೊಳೆಗಿಂತ ಒಂದು ಬೆರಳು ಕೆಳಗಿತ್ತು. ಸಮ ಮಾಡಿಸು ಎಂದು ಹೇಳಿ ಬಂದಿದ್ದೇನೆ. ಮುಂದಿನ ಸಂತೆಯ ದಿನ ಹೋಗಿ ನೋಡುತ್ತೇನೆ.